ಕಳುಹಿಸಲಾಯಿತು

“ಸಭೆ ನಡೆಸಲಾಯಿತು. ತಿಳಿವಳಿಕೆ ನೀಡಲಾಯಿತು. ಇಬ್ಬರ ಮನವೊಲಿಸಲಾಯಿತು. ಅತ್ತೆ, ಇದನ್ನೆಲ್ಲ ಮಾಡಿದ್ದು ಯಾರು? ನಿಮ್ಮ ಆಫೀಸಲ್ಲಿ ದೆವ್ವ ಏನಾದ್ರೂ ಕೆಲಸಕ್ಕಿತ್ತಾ?”

ಸೊಸೆ ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. ಭಾನುವಾರ ಬೆಳಗ್ಗೆ ಹತ್ತು ಗಂಟೆ. ಊಟದ ಮೇಜಿನ ಮೇಲಿದ್ದ ತಟ್ಟೆ ಲೋಟಗಳನ್ನು ಒಂದು ಮೂಲೆಗೆ ತಳ್ಳಿ, ಉಳಿದ ಜಾಗದ ತುಂಬ ಹದಿನೆಂಟು ವರ್ಷಗಳ ವಾರ್ಷಿಕ ವರದಿಗಳನ್ನು ಅತ್ತೆ ಹರಡಿಕೊಂಡಿದ್ದಳು.

“ವರದಿ ಅಂದ್ರೆ ಹಾಗೇ ಬರೀಬೇಕು ಕಣೇ. ನಾನು ನಾನು ಅಂತ ಬರೆದ್ರೆ ಜಂಬ ಅಂತಾರೆ.”

“ಅರ್ಜೀಲಿ ಜಂಬ ಇರ್ಲೇಬೇಕು. ದಿನಕ್ಕೆ ಎಂಬತ್ತು ಅರ್ಜಿ ನೋಡ್ತೀನಿ ನಾನು. ‘ಮಾಡಲಾಯಿತು’ ಅಂತ ಬರೆದವರನ್ನ ಮೊದಲು ಪಕ್ಕಕ್ಕಿಡ್ತೀನಿ. ಇವರು ಮಾಡಿಲ್ಲ, ಮಾಡೋವಾಗ ಬದೀಲಿ ನಿಂತಿದ್ರು ಅಷ್ಟೆ ಅಂತ ಗೊತ್ತಾಗಿಬಿಡುತ್ತೆ.”

ಸೊಸೆಗೆ ಒಂದು ದೊಡ್ಡ ಕಂಪನಿಯ ನೇಮಕಾತಿ ವಿಭಾಗದಲ್ಲಿ ಕೆಲಸ. ಬಂದ ಅರ್ಜಿಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಸೋಸಿ ಮೇಲಕ್ಕೆ ಕಳುಹಿಸಬೇಕು. ಸೋಸುವವಳೇ ಸೊಸೆ ಎಂದು ಅತ್ತೆ ಎಂದೋ ಮಾಡಿದ ತಮಾಷೆಗೆ ಮನೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಆದರೂ ಆಕೆ ಬಿಡುತ್ತಿರಲಿಲ್ಲ.

ಅತ್ತೆಯನ್ನು ಹೊರಗಿನವರೆಲ್ಲ ಕರೆಯುತ್ತಿದ್ದುದು ಸಮಾಧಾನಕ್ಕ ಎಂದು. ಕುಟುಂಬ ಸಲಹಾ ಕೇಂದ್ರವೊಂದರಲ್ಲಿ ಆಕೆ ಆಪ್ತ ಸಲಹೆಗಾರ್ತಿ. ಅಳುತ್ತ ಬಂದ ಹೆಂಗಸರ ಬೆನ್ನು ಸವರಿ “ಸಮಾಧಾನ, ಸಮಾಧಾನ” ಎನ್ನುತ್ತಿದ್ದುದರಿಂದ ಬಂದ ಹೆಸರು ಅದು. ಗಂಡ ತೀರಿಕೊಂಡ ವರ್ಷ ಸೇರಿದ ಕೆಲಸ. ಈ ತಿಂಗಳ ಕೊನೆಗೆ ಕೇಂದ್ರಕ್ಕೆ ಬೀಗ ಬೀಳುವುದಿತ್ತು. ವಯಸ್ಸು ಐವತ್ತೊಂದು. ಆ ವಯಸ್ಸಿನಲ್ಲಿ ಕೆಲಸ ಹುಡುಕುವುದೆಂದರೆ ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ಕೈ ಬೀಸಿದಂತೆ ಎಂದು ಆಕೆಯೇ ಹೇಳಿಕೊಂಡಿದ್ದಳು.

ಅಷ್ಟರಲ್ಲಿ ಈ ಜಾಹೀರಾತು ಬಂದಿತ್ತು. ದೊಡ್ಡ ಅಭಿವೃದ್ಧಿ ಸಂಸ್ಥೆಯೊಂದಕ್ಕೆ ‘ಲಿಂಗ ಸಮಾನತೆ ತಜ್ಞೆ’ ಬೇಕಾಗಿದ್ದಾರೆ. ಹದಿನೈದು ವರ್ಷಗಳ ಅನುಭವವಿರಬೇಕು. ವಯೋಮಿತಿ ಐವತ್ತೆರಡು. ಸಮಾಧಾನಕ್ಕನಿಗೆ ಆ ‘ತಜ್ಞೆ’ ಎಂಬ ಪದದ ಮೇಲೆ ಹಳೆಯ ಆಸೆ. ಇಷ್ಟು ವರ್ಷ ಎಷ್ಟೋ ಮಂದಿ ತಜ್ಞರು ಬಂದು, ಆಕೆ ಮಾಡಿಕೊಟ್ಟ ಚಹಾ ಕುಡಿದು, ಆಕೆ ಹೇಳಿದ್ದನ್ನೇ ಬರೆದುಕೊಂಡು ಹೋಗಿದ್ದರು. ತಾನು ಮಾತ್ರ ಕಾರ್ಯಕರ್ತೆಯಾಗಿಯೇ ಉಳಿದಿದ್ದಳು. ಅರ್ಜಿಗೆ ಬುಧವಾರ ಸಂಜೆ ಐದರವರೆಗೆ ಗಡುವು. ಇದು ಸಿಕ್ಕರೆ ಕೆಲಸವೂ ಉಂಟು, ಮರ್ಯಾದೆಯೂ ಉಂಟು. ಸಿಗದಿದ್ದರೆ ಮಗ ಸೊಸೆಯ ಮನೆಯಲ್ಲಿ ಕಿಟಕಿ ಒರೆಸಿಕೊಂಡಿರುವುದು.

“ಐದನೇ ಪ್ರಶ್ನೆ,” ಸೊಸೆ ಓದಿದಳು. “ನೀವು ನಿಭಾಯಿಸಿದ ಒಂದು ಪ್ರಕರಣವನ್ನು ವಿವರಿಸಿ. ಅದರಲ್ಲಿ ನಿಮ್ಮ ಪಾತ್ರವೇನು, ಪರಿಣಾಮವೇನು? ಇದಕ್ಕೇ ಜಾಸ್ತಿ ಅಂಕ ಇರುತ್ತೆ ಅತ್ತೆ. ಒಳ್ಳೇದೊಂದು ಆರಿಸಿ.” ವರದಿಗಳನ್ನು ಮಗುಚುತ್ತಿದ್ದ ಅವಳ ಕೈ ಒಂದು ಬಣ್ಣದ ಪುಟದಲ್ಲಿ ನಿಂತಿತು. “ಅಯ್ಯೋ, ಇಲ್ಲೇ ಇದೆಯಲ್ಲ! ‘ಯಶೋಗಾಥೆ’ ಅಂತ ಇಡೀ ಪುಟ ಹಾಕಿದಾರೆ. ಸಿದ್ಧ ಉಡುಪು ಕಾರ್ಖಾನೆಯಲ್ಲಿ ಗುಂಡಿ ಹಾಕುವ ಹುಡುಗಿ. ಗಂಡನ ಹೊಡೆತ ತಾಳದೆ ಕೇಂದ್ರಕ್ಕೆ ಬಂದಳು. ಇಬ್ಬರನ್ನೂ ಕೂರಿಸಿ ಮಾತನಾಡಿಸಲಾಯಿತು. ಗಂಡನಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಆಕೆಗೆ ತಿಳಿಹೇಳಿ ಗಂಡನ ಮನೆಗೆ ಕಳುಹಿಸಲಾಯಿತು. ಇದೇ ಸಾಕು. ದೆವ್ವದ ಬದಲು ನಿಮ್ಮನ್ನ ಹಾಕಿಬಿಡ್ತೀನಿ.”

ಸೊಸೆ ಬೆರಳಚ್ಚು ಮಾಡುತ್ತ ಗಟ್ಟಿಯಾಗಿ ಓದಿಕೊಂಡಳು. “ನಾನು ಇಬ್ಬರನ್ನೂ ಕೂರಿಸಿ ಮಾತನಾಡಿಸಿದೆ. ನಾನು ಅವಳಿಗೆ ತಿಳಿಹೇಳಿದೆ. ನಾನು ಅವಳನ್ನು ಗಂಡನ ಮನೆಗೆ ಕಳುಹಿಸಿದೆ.”

“ಅದು ಬೇಡ.”

“ಯಾಕೆ? ಎಷ್ಟು ಚೆನ್ನಾಗಿ ಬಂತಲ್ಲ. ಈಗ ಹೇಗಿದಾರಂತೆ ಅವ್ರು? ಅದೊಂದು ಸಾಲು ಸೇರಿಸಿದ್ರೆ ಆಯ್ತು.”

ಸಮಾಧಾನಕ್ಕ ಎದ್ದು ಅಡುಗೆಮನೆಗೆ ಹೋದಳು. ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು. ಸೊಸೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಾಗ, ನಲ್ಲಿ ತಿರುಗಿಸಿ ನೀರು ನಿಲ್ಲಿಸಿ ಹೇಳಿದಳು. “ಅವಳು ಇಲ್ಲ.”

ನಾಲ್ಕು ವರ್ಷ ಮನೆಯವರಿಗೆ ಹೇಳದ ಮಾತು ಅಂದು ಅಡುಗೆಮನೆಯಲ್ಲಿ ಹೊರಬಂತು. ಆ ಹುಡುಗಿಗೆ ಇಪ್ಪತ್ತಾರು ವರ್ಷ. ಕೆನ್ನೆ ಊದಿಕೊಂಡಿತ್ತು. ಗಂಡನನ್ನು ಕರೆಸಿದರೆ ಅವನು ಬಂದು ಚಿಕ್ಕ ಮಗುವಿನ ಹಾಗೆ ಅತ್ತ, ಇನ್ನು ಕೈ ಎತ್ತುವುದಿಲ್ಲವೆಂದು ಸಹಿ ಹಾಕಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಸಮಾಧಾನಕ್ಕ ಎಂದಿನಂತೆ ಹೇಳಿದಳು. ಸ್ವಲ್ಪ ಹೊಂದಿಕೊಂಡು ಹೋಗು ಎಂದಳು. ಹುಡುಗಿ ಬಾಗಿಲವರೆಗೆ ಹೋದವಳು ತಿರುಗಿ ನಿಂತು, “ಅಕ್ಕಾ, ನೀವು ಹೋಗು ಅಂದ್ರೆ ಹೋಗ್ತೀನಿ,” ಎಂದಿದ್ದಳು. ಸಮಾಧಾನಕ್ಕ ನಕ್ಕು, “ಹೋಗು, ಎಲ್ಲಾ ಸರಿಹೋಗುತ್ತೆ,” ಎಂದಿದ್ದಳು.

ಹತ್ತು ವಾರಕ್ಕೆ ಅವಳು ಸತ್ತಳು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದ ಗಂಡ. ಜಾರಿ ಬಿದ್ದವಳ ಕತ್ತಿನ ಮೇಲೆ ಬೆರಳಿನ ಗುರುತು ಯಾಕಿತ್ತು ಎಂದು ಕೇಳಬೇಕಾದವರು ಗಟ್ಟಿಯಾಗಿ ಕೇಳಲಿಲ್ಲ. ಕೇಂದ್ರಕ್ಕೆ ಆಗ ಸುದ್ದಿಯೇ ಮುಟ್ಟಲಿಲ್ಲ. ಕೇಂದ್ರದಲ್ಲೊಂದು ನಿಯಮವಿತ್ತು: ಮನೆಗೆ ಹೋದ ಹೆಂಗಸು ಮೂರು ತಿಂಗಳು ತಿರುಗಿ ಬಾರದಿದ್ದರೆ ಅವಳ ಪ್ರಕರಣ ‘ಇತ್ಯರ್ಥ’. ಮೌನವೇ ಸಮ್ಮತಿ ಎಂಬ ಲೆಕ್ಕ. ಗುಮಾಸ್ತೆ ಪಟ್ಟಿ ನೋಡಿ ಮುದ್ರೆ ಒತ್ತುತ್ತಿದ್ದಳು. ಗುಂಡಿ ಹಾಕುವ ಹುಡುಗಿ ಸತ್ತು ಮೂರು ವಾರವಾದ ಮೇಲೆ ಅವಳ ಕಡತ ಇತ್ಯರ್ಥವಾಯಿತು. ಆ ವರ್ಷದ ಯಶೋಗಾಥೆಯೂ ಆಯಿತು. ಸಮಾಧಾನಕ್ಕನಿಗೂ ಕೇಂದ್ರದ ನಿರ್ದೇಶಕರಿಗೂ ವಿಷಯ ತಿಳಿಯುವ ಹೊತ್ತಿಗೆ ವರದಿ ಅಚ್ಚಾಗಿ ಹಂಚಿಹೋಗಿತ್ತು.

ಸೊಸೆ ಒದ್ದೆ ಲೋಟವನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಒರೆಸಿಟ್ಟಳು. “ಬೇರೆ ಯಾವುದಾದ್ರೂ ಪ್ರಕರಣ ಹಾಕೋಣ ಅತ್ತೆ,” ಎಂದಳು. “ಬೇಕಾದಷ್ಟು ಇರುತ್ತಲ್ಲ.”

ಸೋಮವಾರ ಸಮಾಧಾನಕ್ಕ ಶಿಫಾರಸು ಪತ್ರಕ್ಕಾಗಿ ನಿರ್ದೇಶಕರ ಕೋಣೆಗೆ ಹೋದಳು. ಕೇಂದ್ರವನ್ನು ಕಟ್ಟಿ ಬೆಳೆಸಿದ ಮನುಷ್ಯ, ಕೆಟ್ಟವರಲ್ಲ. ಪತ್ರವನ್ನು ಆಗಲೇ ಬರೆದಿಟ್ಟಿದ್ದರು. ‘ಇವರ ಅವಧಿಯಲ್ಲಿ ಮುನ್ನೂರ ಹನ್ನೆರಡು ಸಂಸಾರಗಳನ್ನು ಒಂದುಗೂಡಿಸಲಾಯಿತು’ ಎಂದಿತ್ತು.

“ಸಾರ್, ಈ ಮುನ್ನೂರ ಹನ್ನೆರಡರಲ್ಲಿ ನಾವು ಹೋಗಿ ನೋಡಿದ್ದು ಎಷ್ಟು ಮನೆ?”

ನಿರ್ದೇಶಕರು ಕನ್ನಡಕ ತೆಗೆದರು. “ಹೋಗಿ ನೋಡೋಕೆ ಜನ ಎಲ್ಲಿದ್ರು ನಮ್ಮತ್ರ? ಇದ್ದಿದ್ದು ನೀವೊಬ್ರು.”

“ಗುಂಡಿ ಹಾಕೋ ಹುಡುಗಿ ಇದರಲ್ಲಿ ಸೇರಿದಾಳಾ?”

ಅವರು ಕನ್ನಡಕವನ್ನು ಮಡಿಸಿ ಮೇಜಿನ ಮೇಲಿಟ್ಟರು. “ನೋಡಿ, ನಂಗೂ ಅವಳು ನೆನಪಾಗ್ತಾಳೆ. ಆದ್ರೆ ಅವತ್ತು ಅವಳನ್ನ ಎಲ್ಲಿಗೆ ಕಳಿಸ್ಬೇಕಿತ್ತು ಹೇಳಿ. ಆಶ್ರಯಧಾಮದಲ್ಲಿ ಮಂಚ ಖಾಲಿ ಇರ್ಲಿಲ್ಲ. ತವರಲ್ಲಿ ಬೇಡ ಅಂದ್ರು. ಮನೆಮಾಲೀಕರು ಒಂಟಿ ಹೆಂಗಸಿಗೆ ಕೋಣೆ ಕೊಡಲ್ಲ. ಅವಳನ್ನ ಕಳಿಸಿದ್ದು ನೀವಲ್ಲ ಕಣ್ರೀ, ಇಡೀ ಊರು.”

“ಊರು ಕಳಿಸ್ತು ಅಂದ್ರೂ ಒಂದೇ, ಕಳುಹಿಸಲಾಯಿತು ಅಂದ್ರೂ ಒಂದೇ ಸಾರ್. ಯಾರೂ ಸಿಗಲ್ಲ.”

“ಹಾಗಂತ ಅರ್ಜೀಲಿ ಬರೀತೀರಾ? ಕೆಲಸದ ಅರ್ಜಿ ತಪ್ಪೊಪ್ಪಿಗೆ ಪತ್ರ ಅಲ್ಲ. ಹದಿನೆಂಟು ವರ್ಷದ ದುಡಿಮೇನ ಒಂದು ಸಾವಿನಿಂದ ಅಳೀಬೇಡಿ. ನಿಮ್ಮಿಂದ ಬದುಕಿಕೊಂಡವರೂ ಇದಾರೆ.”

ಆ ಮಾತು ಸುಳ್ಳಾಗಿರಲಿಲ್ಲ. ಯಾರು ಬದುಕಿಕೊಂಡರು, ಯಾರು ಇಲ್ಲ ಎಂಬುದು ಮಾತ್ರ ಆಕೆಗೆ ಗೊತ್ತಿರಲಿಲ್ಲ. ಪತ್ರವನ್ನು ಮೇಜಿನ ಮೇಲೆಯೇ ಬಿಟ್ಟು ಆಕೆ ಕಡತಗಳ ಕೋಣೆಗೆ ಹೋದಳು.

ಆ ದಿನವೂ ಮರುದಿನ ಮಧ್ಯಾಹ್ನದವರೆಗೂ ‘ಇತ್ಯರ್ಥ’ದ ಕಡತಗಳನ್ನು ಒಂದೊಂದಾಗಿ ತೆಗೆದು ಫೋನು ಮಾಡಿದಳು. ಹೆಚ್ಚಿನ ನಂಬರುಗಳು ಬದಲಾಗಿದ್ದವು. ಒಬ್ಬಳು ಫೋನಿನಲ್ಲೇ ಕುಣಿದಾಡಿ, ಅವತ್ತು ನೀವು ಬುದ್ಧಿ ಹೇಳಿದ್ದಕ್ಕೆ ಇವತ್ತು ಸುಖವಾಗಿದೀನಿ ಅಕ್ಕ, ಮಗಳು ಶಾಲೆಗೆ ಹೋಗ್ತಿದಾಳೆ ಎಂದಳು. ಸಮಾಧಾನಕ್ಕನ ಕಣ್ಣು ತುಂಬಿತು. ಇನ್ನೊಬ್ಬಳು, “ಇಷ್ಟು ವರ್ಷ ಆದ್ಮೇಲೆ ನೆನಪಾಯ್ತಾ?” ಎಂದವಳೇ ಇಟ್ಟುಬಿಟ್ಟಳು. ಮತ್ತೊಬ್ಬಳು ಊರು ಬಿಟ್ಟು ಓಡಿಹೋಗಿ ಬೇರೆಡೆ ಒಬ್ಬಳೇ ಇದ್ದಳು. ಬೇಕರಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹೆಂಗಸಿನ ನಂಬರಿಗೆ ಗಂಡನೇ ಸಿಕ್ಕಿದ. “ಓ, ಸಮಾಧಾನಕ್ಕನಾ? ನಮಸ್ಕಾರ. ನಾವು ಚೆನ್ನಾಗಿದೀವಿ.” ಹೆಂಡತಿಗೆ ಕೊಡಪ್ಪ ಎಂದರೆ, “ಅವಳೂ ಚೆನ್ನಾಗಿದಾಳೆ,” ಎಂದು ನಕ್ಕ. ಅವಳಿಗೆ ಫೋನು ಕೊಡಲಿಲ್ಲ.

ಮಂಗಳವಾರ ಸಂಜೆ ಆಕೆ ದೊಡ್ಡಾಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಅಲ್ಲಿ ಬಟ್ಟೆ ಒಗೆಯುವ ವಿಭಾಗ. ಗುಂಡಿ ಹಾಕುವ ಹುಡುಗಿಯ ತಾಯಿ ಅಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದಳು. ನಾಲ್ಕು ವರ್ಷಗಳಲ್ಲಿ ಹತ್ತಾರು ಬಾರಿ ಆ ಬೀದಿಯ ತನಕ ಬಂದು ಸಮಾಧಾನಕ್ಕ ತಿರುಗಿ ಹೋಗಿದ್ದಳು.

ಯಂತ್ರಗಳ ಸದ್ದು, ಬಿಸಿ ಆವಿ. ತಾಯಿ ಒಮ್ಮೆ ನೋಡಿ, ಗುರುತು ಹಿಡಿದು, ಮುಖ ತಿರುಗಿಸದೆ ಉದ್ದನೆಯ ಬಟ್ಟೆಯ ಎರಡು ತುದಿಗಳನ್ನು ಮುಂದಕ್ಕೆ ಚಾಚಿದಳು. “ಹಿಡ್ಕೊಳ್ಳಿ. ಇವತ್ತು ಜೊತೆಯವಳು ಬಂದಿಲ್ಲ.” ಸಮಾಧಾನಕ್ಕ ಹಿಡಿದುಕೊಂಡಳು. ಇಬ್ಬರೂ ಎಳೆದು, ಮಡಿಸಿ, ಹತ್ತಿರ ಬಂದು, ಮತ್ತೆ ದೂರ ಸರಿದರು. ಹೀಗೆ ನಾಲ್ಕೈದು ಬಟ್ಟೆಗಳಾದವು.

“ನಿಮ್ಮ ಮಗಳನ್ನ ವಾಪಸ್ ಕಳಿಸಿದ್ದು ನಾನು,” ಎಂದಳು ಸಮಾಧಾನಕ್ಕ. ಈ ಮಾತನ್ನು ಆಡಲು ಎಷ್ಟು ಕಷ್ಟವಾಗುತ್ತದೆ ಎಂದು ಹೆದರಿದ್ದಳೋ ಅದಕ್ಕಿಂತ ಹೆಚ್ಚು ಕಷ್ಟವಾಯಿತು.

“ಗೊತ್ತು.”

“ಅವಳು ಹೋಗ್ತೀನಿ ಅನ್ಲಿಲ್ಲ. ನೀವು ಹೋಗು ಅಂದ್ರೆ ಹೋಗ್ತೀನಿ ಅಂದ್ಲು. ನಾನು ಹೋಗು ಅಂದೆ.”

ತಾಯಿ ಮಡಿಸಿದ ಬಟ್ಟೆಯನ್ನು ರಾಶಿಯ ಮೇಲಿಟ್ಟು, ಅದರ ಮೇಲೆ ಅಂಗೈ ಒತ್ತಿ ನಿಂತಳು. “ನಿಮ್ಮ ಹತ್ರ ಬರೋಕೆ ಮುಂಚೆ ನನ್ನ ಹತ್ರ ಬಂದಿದ್ಲು ಅಮ್ಮಾ. ನಾನೂ ಅದನ್ನೇ ಹೇಳಿದ್ದೆ. ಹೆಣ್ಣು ಹುಟ್ಟಿದ ಮೇಲೆ ತಾಳ್ಕೋಬೇಕು ಅಂದೆ. ಒಂಬತ್ತು ತಿಂಗಳು ಹೊತ್ತವಳೇ ಹಾಗಂದ ಮೇಲೆ ನಿಮಗೇನು ಹೇಳಲಿ ನಾನು?”

“ಆಮೇಲೆ ಅವಳು ಮತ್ತೆ ಯಾಕೆ ಬರ್ಲಿಲ್ಲ? ಹತ್ತು ವಾರ ಇತ್ತು. ಒಂದು ಸಲ ಬಂದಿದ್ರೆ...”

“ಬಾ, ಮತ್ತೆ ಅವರ ಹತ್ರ ಹೋಗೋಣ ಅಂತ ಆಮೇಲೆ ನಾನೇ ಕರೆದೆ. ನಾಚಿಕೆ ಅಂದ್ಲು. ‘ಅಕ್ಕ ಅಷ್ಟು ಖುಷಿಯಾಗಿ ಕಳಿಸಿಕೊಟ್ರು. ಮತ್ತೆ ಅದೇ ಮುಖ ಹೊತ್ಕೊಂಡು ಹೋದ್ರೆ ಅವರಿಗೆ ಎಷ್ಟು ಬೇಜಾರಾಗುತ್ತೆ’ ಅಂದ್ಲು.” ತಾಯಿ ರಾಶಿಯಿಂದ ಇನ್ನೊಂದು ಬಟ್ಟೆ ಎಳೆದುಕೊಂಡಳು. “ನಿಮಗೆ ಬೇಜಾರಾಗುತ್ತೆ ಅಂತ ಬರ್ಲಿಲ್ಲ ಅವಳು.”

ಸಮಾಧಾನಕ್ಕ ಅಲ್ಲೇ ಬಟ್ಟೆಯ ಬುಟ್ಟಿಯ ಅಂಚಿನ ಮೇಲೆ ಕುಸಿದು ಕುಳಿತಳು. ಹದಿನೆಂಟು ವರ್ಷ ಇತರರ ಬೆನ್ನು ಸವರಿದ ಆಕೆಗೆ ಆಗ ತನ್ನ ಅಳುವನ್ನು ತಡೆಯುವುದು ಗೊತ್ತಾಗಲಿಲ್ಲ. ಮೂರು ತಿಂಗಳು ಬಾರದವರೆಲ್ಲ ಸುಖವಾಗಿದ್ದಾರೆ ಎಂದು ಮುದ್ರೆ ಒತ್ತಿದ ಕಡತಗಳೆಲ್ಲ ಕಣ್ಣ ಮುಂದೆ ಬಂದವು. ತಾಯಿ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ನಿಂತು ತಾನೂ ಅತ್ತಳು. ಸಮಾಧಾನಕ್ಕ ಹೊರಡುವಾಗ ಮಾತ್ರ, “ಅವಳ ಬಗ್ಗೆ ಎಲ್ಲಾದ್ರೂ ಬರೆದ್ರೆ ಜಾರಿ ಬಿದ್ದಳು ಅಂತ ಬರೀಬೇಡಿ,” ಎಂದಳು.

ಬುಧವಾರ ಸೊಸೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಐದನೇ ಪ್ರಶ್ನೆಯ ಉತ್ತರವನ್ನು ಅತ್ತೆ ತಾನೇ ಕುಳಿತು ಎರಡು ಬೆರಳಿನಲ್ಲಿ ಕುಟ್ಟಿದಳು. ಅರ್ಧ ಪುಟಕ್ಕೆ ಎರಡು ಗಂಟೆ ಹಿಡಿಯಿತು.

‘ಗಂಡನ ಹೊಡೆತ ತಾಳದೆ ಬಂದ ಇಪ್ಪತ್ತಾರು ವರ್ಷದ ಹುಡುಗಿಯನ್ನು ನಾನು ಅದೇ ಮನೆಗೆ ಕಳುಹಿಸಿದೆ. ಹತ್ತು ವಾರದಲ್ಲಿ ಅವಳು ಸತ್ತಳು. ಅವಳು ತಿರುಗಿ ಬಾರದ್ದನ್ನು ನಾವು ಯಶಸ್ಸು ಎಂದು ಬರೆದುಕೊಂಡೆವು. ನನಗೆ ಬೇಜಾರಾಗಬಾರದು ಎಂದು ಅವಳು ಬಂದಿರಲಿಲ್ಲ. ಕಳುಹಿಸಿದ ಹೆಂಗಸನ್ನು ನಾವಾಗಿಯೇ ಹೋಗಿ ನೋಡಬೇಕು. ಅವಳೊಬ್ಬಳನ್ನೇ ಕರೆದು ಕೇಳಬೇಕು. ಹೋಗು ಎನ್ನುವ ಮೊದಲು ಅವಳಿಗೆ ಇರಲು ಬೇರೆ ಜಾಗ ತೋರಿಸಬೇಕು. ಇದನ್ನು ನಾನು ಬಹಳ ತಡವಾಗಿ ಕಲಿತೆ.’

ಸೊಸೆ ಎರಡು ಸಲ ಓದಿದಳು. “ಅತ್ತೆ, ಇದ್ದದ್ದು ಇದ್ದ ಹಾಗೆ ಹೇಳ್ಲಾ? ನಾನು ಆ ಕುರ್ಚೀಲಿ ಕೂತಿದ್ರೆ ಇದನ್ನ ಓದಿ ಅಳ್ತಿದ್ದೆ. ಆಮೇಲೆ ಕಣ್ಣೊರೆಸ್ಕೊಂಡು ಪಕ್ಕಕ್ಕಿಡ್ತಿದ್ದೆ.”

“ಇಡ್ಲಿ ಬಿಡು.”

“ಕೆಲಸ ಹೋಗುತ್ತೆ.”

“ಗೊತ್ತು ಕಣೇ. ನಂಗೂ ಆಸೆ ಇಲ್ವಾ? ಆದ್ರೆ ಇದನ್ನ ಮುಚ್ಚಿಟ್ಟು ಆ ಹೆಂಗಸರ ಮುಂದೆ ತಜ್ಞೆ ಅಂತ ಹೋಗಿ ಕೂರೋದು ಹೇಗೆ?”

ಸೊಸೆ ಆ ಉತ್ತರದಲ್ಲಿ ಎರಡು ಅಕ್ಷರತಪ್ಪು ತಿದ್ದಿದಳು. ಬೇರೇನನ್ನೂ ಮುಟ್ಟದೆ, ಮೂರೂವರೆಗೆ ಅರ್ಜಿ ಕಳುಹಿಸಿದಳು.

ಮೂರು ವಾರದ ಮೇಲೆ ಉತ್ತರ ಬಂತು. ತಮ್ಮ ಅರ್ಜಿಯನ್ನು ಪರಿಶೀಲಿಸಲಾಯಿತು, ತಮ್ಮನ್ನು ಆಯ್ಕೆ ಮಾಡಲಾಗಿಲ್ಲ ಎಂದು ತಿಳಿಸಲು ವಿಷಾದಿಸಲಾಗುತ್ತದೆ. ಸೊಸೆಗೆ ಸಿಟ್ಟು ಬಂತು. ಅತ್ತೆ ಆ ಕಾಗದವನ್ನು ಮಡಿಸಿಟ್ಟು, ಬಹಳ ಹೊತ್ತು ಕಿಟಕಿಯ ಬಳಿ ಕುಳಿತಿದ್ದಳು. ದುಃಖವಾಗಿತ್ತು, ಆಗಲಿಲ್ಲ ಎಂದರೆ ಸುಳ್ಳಾದೀತು. ಮಗ ಕೆಲಸದಿಂದ ಬಂದವನು ಅಮ್ಮನ ಪಕ್ಕ ಕುಳಿತ.

ಆ ಹೊತ್ತಿಗೆ ಕೇಂದ್ರದ ಬಾಗಿಲು ಮುಚ್ಚಿತ್ತು. ಕೊನೆಯ ದಿನ ನಿರ್ದೇಶಕರು ‘ಇತ್ಯರ್ಥ’ದ ಕಡತಗಳಲ್ಲಿದ್ದ ವಿಳಾಸಗಳನ್ನು ಬರೆದುಕೊಳ್ಳಲು ಬಿಟ್ಟಿದ್ದರು. “ನಿಯಮ ಒಪ್ಪಲ್ಲ. ನಾನು ಒಪ್ತೀನಿ,” ಎಂದು ಹೇಳಿ ತಾವೇ ಅರ್ಧ ಪಟ್ಟಿ ಬರೆದುಕೊಟ್ಟಿದ್ದರು. ಆಶ್ರಯಧಾಮದಲ್ಲಿ ಎರಡು ಮಂಚ ಕಾದಿರಿಸುವಂತೆ ಮಾತನಾಡಿದ್ದೂ ಅವರೇ.

ಕಾಗದ ಬಂದ ಮರುದಿನ ಸಮಾಧಾನಕ್ಕ ಬೇಕರಿಯ ಹೆಂಗಸಿನ ಮನೆಗೆ ಹೋದಳು. ಮೂರನೇ ಮಹಡಿ, ಹಸಿರು ಬಾಗಿಲು. ಅದು ಅರ್ಧ ತೆರೆದುಕೊಂಡಿತು. ಒಳಗಿದ್ದವಳು ಬಾಗಿಲ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಅಕ್ಕಾ? ನೀವ್ಯಾಕೆ ಬಂದ್ರಿ?”

“ಆರು ವರ್ಷದ ಹಿಂದೆ ನಿನ್ನನ್ನ ಈ ಮನೆಗೆ ಕಳಿಸಿದ್ದು ನಾನು. ಆಮೇಲೆ ಹೇಗಿದೀಯ ಅಂತ ಒಂದು ದಿನ ಕೇಳ್ಲಿಲ್ಲ. ಕೇಳೋಣ ಅಂತ ಬಂದೆ.”

“ಚೆನ್ನಾಗಿದೀನಿ.”

ಹಿಂದೆಲ್ಲ ಆ ಮಾತು ಕೇಳಿದರೆ ಆಕೆ ಸಂತೋಷದಿಂದ ಬೆನ್ನು ತಟ್ಟಿ ಹೊರಡುತ್ತಿದ್ದಳು. “ಸರಿ,” ಎಂದಳು ಈಗ. “ನಂಗೇನೂ ಅವಸರ ಇಲ್ಲ. ಮನೇಲಿ ಕೆಲಸಾನೂ ಇಲ್ಲ. ಇಲ್ಲೇ ಮೆಟ್ಟಿಲ ಮೇಲೆ ಸ್ವಲ್ಪ ಕೂತಿರ್ತೀನಿ. ಚೆನ್ನಾಗಿಲ್ಲ ಅಂದ್ರೂ ನಂಗೆ ಬೇಜಾರಾಗಲ್ಲ. ಹೊಂದ್ಕೊಂಡ್ ಹೋಗು ಅಂತ ಇವತ್ತು ಹೇಳಲ್ಲ.”

ಬಾಗಿಲು ಮುಚ್ಚಿಕೊಂಡಿತು. ಸಮಾಧಾನಕ್ಕ ಮೆಟ್ಟಿಲ ಮೇಲೆ ಕುಳಿತಳು. ಕೆಳಗಿನ ಮಹಡಿಯಲ್ಲಿ ಯಾರೋ ಮಗುವಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಏಳರ ಮಗ್ಗಿ ಮುಗಿದು ಎಂಟರದ್ದು ಶುರುವಾಯಿತು. ಅದೂ ಮುಗಿಯುವ ಹೊತ್ತಿಗೆ ಹಿಂದೆ ಚಿಲಕದ ಸದ್ದಾಯಿತು.

“ಈಗ ಎಷ್ಟು ಗಂಟೆ ಅಕ್ಕಾ?”

“ಮೂರೂಕಾಲು.”

“ಅವರು ಬರೋದು ಆರಕ್ಕೆ.” ಅವಳು ಹೊರಬಂದು ಬಾಗಿಲನ್ನು ಎಳೆದುಕೊಂಡು, ಸಮಾಧಾನಕ್ಕನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತಳು. ಆರು ವರ್ಷದ ಮಾತು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಮೊದಲು ಸ್ವಲ್ಪ ಹೊತ್ತು ಅತ್ತಳು.